ಇದು ಮೊಲ

ಚೀಲ ಅವಳದೇ, ಗಣಿಗೆ ಒಯ್ಯುತ್ತಿದ್ದದ್ದು.
ಬೋರಲು ಹಿಡಿದು ಬಡಿದೆ. ಹೊಲಿಗೆಯ ಸಂದಿಯಿಂದ
ಚಿಟಿಕೆಯಷ್ಟು ಗೋಬಿಯ ಮರಳು,
ಬೋಲ್ಟಿಲ್ಲದ ಒಂದು ನಟ್ಟು.
ಮತ್ತೆ ಬಡಿದೆ. ಮತ್ತೆ ಮರಳು.
ಮಗುವಿನ ಬಟ್ಟೆಗೆ ಅಂಟಿದರೆ ಅಂಟಲಿ,
ತಾಯಿಯ ಕಡೆಯದಲ್ಲವೇ.

ಒಲೆಯ ಕೊಳವೆಯಿಂದ ಮೊಳ ದೂರ
ಗೆರ್ ಮನೆಯ ಕಿತ್ತಳೆ ಕಂಬಕ್ಕೆ
ಸಾರಂತುಯಾ ಅಂಟಿಸಿ ಹೋದ ಪಟ್ಟಿ:
ನ್ಯಾಪಿ ಐದು. ಐದೇ.
ಒದ್ದೆ ಬಟ್ಟೆಗೆ ಬೇರೆ ಕವರು.
ಬಿಸಿನೀರು ದೊಡ್ಡ ಫ್ಲಾಸ್ಕಿನಲ್ಲಿ,
ಸಣ್ಣದರ ಮುಚ್ಚಳ ನಂಬಬೇಡ.
ಕಟ್ಟಕಡೆಗೆ 'ಹೆದರಬೇಡ' ಎಂದು ಬರೆದು
ಹೊಡೆದುಹಾಕಿದ್ದಾಳೆ.
ಹದಿನಾಲ್ಕು ದಿನದಿಂದ
ಹೊಡೆದುಹಾಕಿದ್ದನ್ನೇ ಓದುತ್ತಿದ್ದೇನೆ.

ಅವಳು ಅಲ್ಲಿ ಎರಡಂತಸ್ತಿನೆತ್ತರದ ಲಾರಿ ಓಡಿಸುತ್ತಾಳೆ.
ನಾನಿಲ್ಲಿ ಒಂದು ಜಿಪ್ಪು ಎಳೆಯಲಾರದೆ
ಚೀಲದ ಮೇಲೆ ಮಂಡಿಯೂರಿ ಕೂತಿದ್ದೇನೆ.
ಐದು ನ್ಯಾಪಿ ಸಾಕೇ? ಬಸ್ಸು ನಡುದಾರಿಯಲ್ಲಿ ಕೆಟ್ಟರೆ?
ಏಳು ತುರುಕಿದೆ.
ಕಾಲುಚೀಲ ಮೂರು ಜೊತೆ, ಮತ್ತೆ ಒಂಟಿ ಒಂದು,
ಜೊತೆ ಸಿಕ್ಕಿದರೆ ಇರಲಿ ಅಂತ.
ಜ್ವರದ ಔಷಧಿ. ಜ್ವರವಿಲ್ಲ, ಆದರೂ.
ಗಿಲಕಿ ಹಾಕಿದೆ, ಸದ್ದಾಗುತ್ತದೆಂದು ತೆಗೆದೆ,
ಸದ್ದಾಗಲಿ ಎಂದು ಮತ್ತೆ ಹಾಕಿದೆ.
ಅಷ್ಟರಲ್ಲಿ ಮಗು ಚೀಲದಿಂದ ಎರಡು ನ್ಯಾಪಿ ಎಳೆದು
ಒಂದನ್ನು ನಾಯಿಗೆ ಕೊಟ್ಟಿತ್ತು.
ಅಲ್ಲಿಗೆ ಐದು. ಪಟ್ಟಿಯೇ ಗೆದ್ದಿತು,
ನಾಯಿ ಬಿಟ್ಟರೆ ಆರು.

ಹಾಲು ಮಾತ್ರ ಹೊರಗಿದೆ.
ಮೈನಸ್ ಮೂವತ್ತೊಂದರಲ್ಲಿ ಯಾರಿಗೆ ಬೇಕು ಫ್ರಿಜ್ಜು?
ಕೊಟ್ಟಿಗೆಯ ಮೊಳೆಗೆ ಅರ್ಧ ಕುರಿ, ಅದರ ಪಕ್ಕ
ತಾರೀಕು ಬರೆದ ಪುಟ್ಟ ಪುಟ್ಟ ಪೊಟ್ಟಣ, ಹೆಪ್ಪುಗಟ್ಟಿ
ಬೆಣಚುಕಲ್ಲಿನ ಹಾಗೆ.
ಹಗಲಿಗೆ ಡಬ್ಬಿಹಾಲು, ರಾತ್ರಿಗೊಂದು ಪೊಟ್ಟಣ:
ಹೀಗೆ ಕಳೆದೆವು ಈ ಪಾಳಿಯನ್ನು ನಾವಿಬ್ಬರೂ.
ಇವತ್ತು ಒಂದೇ ಉಳಿದಿದೆ.
ಚೀಲಕ್ಕೆ ಹಾಕಿದರೆ ಕರಗುವುದಿಲ್ಲ.
ಅಂಗಿಯೊಳಗೆ ಇಟ್ಟುಕೊಂಡೆ.
ಚುರುಗುಟ್ಟಿತು, ಮರಗಟ್ಟಿತು, ಆಮೇಲೆ ತಣ್ಣಗೆ ಬೆವರಿತು.
ಹುಟ್ಟಿದಾರಭ್ಯ ಮೊದಲ ಸಲ
ನನ್ನ ಎದೆಯಲ್ಲಿ ಹಾಲು.

ದುಲ್ಮಾ ಅಜ್ಜಿ ಬಾಗಿಲು ತಟ್ಟುವವಳಲ್ಲ.
ಬಂದವಳೇ ಒಲೆಯ ಮುಚ್ಚಳಕ್ಕೆ ಬೆರಳು ಸವರಿ
ಮಗುವಿನ ಹಣೆಗೆ ಮಸಿ ಎಳೆದಳು.
'ಕತ್ತಲಲ್ಲಿ ಹೊರಟಿದ್ದೀಯ. ಗಾಳಿಯಲ್ಲಿ ಯಾವುದಾದರೂ
ಕೇಳಿದರೆ, ಇದು ಮಗುವಲ್ಲ, ಮೊಲ ಅನ್ನು.'
ಕಾಗದದಲ್ಲಿ ಸುತ್ತಿದ ಕುರಿಬಾಲದ ಕೊಬ್ಬು
ಚೀಲದ ಬದಿಯ ಜೇಬಿಗೆ ಜಾರಿಸಿದಳು, ಚೀಪಲಿಕ್ಕೆ.
ಪಟ್ಟಿಯಲ್ಲಿಲ್ಲ ಅಂದೆ.
'ಪಟ್ಟಿಗೆ ಹಲ್ಲು ಬರುತ್ತಿದೆಯೇ?' ಅಂದಳು.

ಹೆಸರೇ ಖುನ್‌ಬಿಶ್: ಮನುಷ್ಯನಲ್ಲ.
ಅದರ ಮುಂಚೆ ಬಂದು ಉಳಿಯದೆ ಹೋದದ್ದಕ್ಕೆ
ಚೆಂದದ ಹೆಸರಿಟ್ಟಿದ್ದೆವು.

ಹಾಗಾಗಿ, ಕೇಳುವವರು ಕೇಳಿಸಿಕೊಳ್ಳಿ,
ಈ ಇಳಿಜಾರಿನಲ್ಲಿ, ಹೊಗೆಯಲ್ಲಿ, ಬೇಲಿಬೇಲಿಗೆ ಬೊಗಳುವ ನಾಯಿಗಳ ನಡುವೆ
ಕೋಟಿನೊಳಗೆ ಮೊಲ ಕಟ್ಟಿಕೊಂಡು
ಮೊಲದ ನ್ಯಾಪಿ, ಮೊಲದ ಫ್ಲಾಸ್ಕು, ಮೊಲದ ಒಂಟಿ ಕಾಲುಚೀಲ ಹೊತ್ತು
ಒಬ್ಬ ಬಸ್ಸಿಗೆ ಓಡುತ್ತಿದ್ದಾನೆ. ಅಷ್ಟೇ.
ನೋಡುವಂಥದ್ದೇನಿಲ್ಲ.

ದಕ್ಷಿಣದ ಬಸ್ಸು ಒಂದೂವರೆ ಗಂಟೆ ತಡ.
ಪೊಟ್ಟಣ ಖಾಲಿಯಾಯಿತು. ಕೊಬ್ಬೂ ಚೀಪಿ ಮುಗಿಯಿತು.
ಆಮೇಲೆ ಅವಳು ಇಳಿದಳು, ಹಣೆಯ ಮೇಲೆ
ಹೆಲ್ಮೆಟ್ಟಿನ ಗೆರೆ, ಗೆರೆಯೊಳಗೆ ಕಪ್ಪು ಧೂಳು.
ಮಗು ನಗಲಿಲ್ಲ, ಅಳಲಿಲ್ಲ.
ಆ ಧೂಳನ್ನೇ ತುಂಬ ಹೊತ್ತು ನೋಡಿತು,
ತನ್ನ ಜಾತಿಯದೇ ಇರಬೇಕು ಎಂಬಂತೆ.

ಅವಳು ಚೀಲ ತೂಗಿ ನೋಡಿದಳು. ಜಿಪ್ಪು ತೆಗೆಯಲಿಲ್ಲ.
ಕೈಗವಸು ಕಳಚಿ ನನ್ನ ಕಿವಿ ಮುಟ್ಟಿದಳು:
'ನಿನ್ನ ಟೋಪಿ ಎಲ್ಲಿ?'