ಗೋದಾಮು

ಡಾಕ್ಟರು ಚೀಟಿಯ ಬೆನ್ನಿಗೆ ಚಿಟ್ಟೆ ಬಿಡಿಸಿದರು:
"ಇದು ನಿಮ್ಮ ಕೊರಳಲ್ಲಿದೆ, ಸೆವ್ರಿನ್ ಬಾಯಿ,
ಹದ ಮೀರಿ ದುಡಿಯುತ್ತಿದೆ."
ಜೆಪ್ಪುವಿನ ಹಂಚಿನ ಕಾರ್ಖಾನೆಯಲ್ಲಿ
ಇಪ್ಪತ್ತು ವರ್ಷ ಲೆಕ್ಕ ಬರೆದವಳು ನಾನು,
ನನಗೆ ಭಟ್ಟಿ ಕಂಡಿತು.

ಮಾತ್ರೆ ತಡೆಯುವುದು ಅಚ್ಚನ್ನು ಮಾತ್ರವಂತೆ.
ಉಪ್ಪಿನ, ಮೀನಿನ ಅಯೋಡಿನ್
ಬಾಗಿಲಿಗೆ ಬಂದು ಬಿದ್ದರೂ
ಹಂಚಾಗುವುದಿಲ್ಲ.

ಮತ್ತೇಕೆ ನಿಲ್ಲದು ಈ ನಡುಕ?
ಅದನ್ನು ಡಾಕ್ಟರರು ಹೇಳಬೇಕಿಲ್ಲ.
ಮುಷ್ಕರದ ವರ್ಷ ಅಚ್ಚು ನಿಂತ ಮೇಲೂ
ಗೋದಾಮಿನಿಂದ ಲಾರಿಗಳು ಹೊರಟೇ ಹೊರಟವು
ಒಂದೂವರೆ ತಿಂಗಳು.

ಸುಟ್ಟದ್ದು ಖರ್ಚಾಗಬೇಕು ಮೊದಲು.

ಜ್ವರ, ಗಂಟಲುನೋವು ಬಂದರೆ
ಮಾತ್ರೆ ಬಿಟ್ಟು ಓಡಿ ಬನ್ನಿ, ಅಂದಿದ್ದಾರೆ.
ಬೂತಾಯಿ ಸಾರಿನ ತಟ್ಟೆ ಕೈಯಲ್ಲಿ ಕಟಕಟ.
ನಡುರಾತ್ರಿ ಎದೆಯೊಳಗೆ
ಇನ್ನೊಂದು ಲಾರಿ ಗೇಟು ದಾಟುತ್ತದೆ;
ಬರೆದುಕೊಳ್ಳುತ್ತೇನೆ.