ಜೋಡಿ ಗುಲಾಮ

ವಾಡಿ ಜಂಕ್ಷನ್ನಿನ ರನ್ನಿಂಗ್ ರೂಮಿನಾಗ
ರಾತ್ರಿ ಎರಡಕ್ಕ ಯಾರೂ ಪೂರಾ ಮಲಗಿರಂಗಿಲ್ಲ,
ಯಾರೂ ಪೂರಾ ಎದ್ದಿರಂಗಿಲ್ಲ.
ಸೋಲಾಪುರದ ಗಾರ್ಡ್ ಘಾಟಗೆ
ಫೋನಿನಾಗ ಕಲ್ತು ನಮಗ ಕಲಿಸಿದ ಆಟ ಇದು:
ಕೈಯಾಗ ಎರಡೇ ಎಲಿ, ನಡುವ ಐದು,
ಎಷ್ಟರ ಹಚ್ಚು, ಮಿತಿ ಇಲ್ಲ.
ರೊಕ್ಕ ಹಚ್ಚಿದ್ರ ನೌಕರಿ ಹೋಗ್ತದ,
ಅದಕ್ಕ ಫರಸಿ ಚೂರು.
ಬೂದಿ ಬಣ್ಣದ್ದಕ್ಕ ಒಂದು, ಕೆಂಪು ನರ ಇದ್ದದ್ದಕ್ಕ ಐದು.
ಶಹಾಬಾದದ ಖಣಿಯಿಂದ ಚೀಲ ತುಂಬಿ ತಂದಾಂವ
ನಮ್ಮ ಅಡಿಗಿ ದಸ್ತಗೀರ;
ರೊಟ್ಟಿ ಬಡಿಯೋ ಕೈಲೇ ಒಂದೊಂದೂ ತಿಕ್ಕಿ ನುಣ್ಣಗ ಮಾಡ್ಯಾನ.

ಕೆಟ್ಟ ಎಲಿ ಬಂದ್ರ ಸುಖ.
ಏಳು, ಎರಡು. ಬೋರಲು ಹಾಕು, ಚಾ ಕುಡಿ.
ಜೋಡಿ ಎಕ್ಕಾ ಬಂದ್ರೂ ಸುಖ,
ನನ್ನ ಆರು ವರ್ಷದ ಮಗಳೂ ಆಡ್ತಾಳ.
ಮನಷಾನ್ನ ತಿನ್ನೂವು ನಡುವಿನವು.
ಎಕ್ಕಾದ ಬಾಜೂಕ ಸಣ್ಣ ಎಲಿ ಅಂದ್ರ
ಮದಿವ್ಯಾಗ ಮುಂದಿನ ಸಾಲಿಗೆ ಕುಂತು
ಎಲ್ಲಾರ ಎದುರಿಗೆ ಎಬ್ಬಿಸಿಕೊಂಡಂಗ.
ರಾಜಾ ಗುಲಾಮ ಕೂಡಿ ಬಂದ್ರ ನೋಡ್ಲಾಕ ದರ್ಬಾರು,
ಮೂರು ಎಲಿ ತೆರೆದ ಮ್ಯಾಲ
ಬಾಡಿಗಿ ಅಂಗಿ.

ನಿನ್ನಿ ನನಗ ಬಂದದ್ದು ಜೋಡಿ ಗುಲಾಮ.
ಒಬ್ಬ ಇಸ್ಪೀಟಿನವ, ಒಬ್ಬ ಲಾಲ್ ಪಾನಿನವ.
ಇಬ್ಬರೂ ಅಡ್ಡ ಮುಖದವರು,
ಇಬ್ಬರದೂ ಕಾಣೂದು ಒಂದೊಂದೇ ಕಣ್ಣು.
ಆ ಕಡಿ ಕಣ್ಣು ಏನ್ ನೋಡ್ಲಾಕತ್ತದ
ಎಲಿ ತಿರುವಿದ್ರೂ ಸಿಗಂಗಿಲ್ಲ.

ಕೆಳಗ ಒಂಬತ್ತು ಮನಿತನ, ಮ್ಯಾಲ ಮೂರೇ.
ಲೆಕ್ಕ ನನ್ನ ಕಡೆ ಅದ.
ಖರೆ, ಲೆಕ್ಕದ ಎದುರಿಗೆ ಕುಂತಾಂವ
ಇಸ್ಮಾಯಿಲ್ ಸಾಹೇಬ.

ನಾ ನಲವತ್ತು ಸರಿಸಿದೆ.
ಸಾಹೇಬ ತನ್ನ ಮುಂದಿಂದೆಲ್ಲಾ
ಎರಡೂ ಅಂಗೈಲೆ, ಜ್ವಾಳದ ರಾಶಿ ದೂಡಿದಂಗ,
ನಡುವಕ್ಕ ದೂಡಿದ.
ಕಣ್ಣೆತ್ತಲಿಲ್ಲ. ಒಂದು ಶೇಂಗಾ ಬಿಡಿಸಿದ.
ನಾಕು ತಿಂಗಳಿಗೆ ರಿಟೈರ್ ಆಗಾಂವ,
ಮೂವತ್ತು ವರ್ಷದಾಗ ಒಂದೂ ಕೆಂಪು ದಾಟದಾಂವ,
ಅವನ ಕೈಯಾಗ ಏನದ?

ನಾ ಹೊಸದಾಗಿ ಅಸಿಸ್ಟೆಂಟ್ ಆದ ಚಳಿಗಾಲ,
ಮಾರ್ತೂರಿನ ಹತ್ರ ಮಂಜಿನಾಗ ಹಳದಿ ಕಂಡು
ಕೈ ನಡುಗಿ ಕೇಳಿದ್ದೆ: ಹೋಗೂದೋ, ನಿಲ್ಲೂದೋ?
"ಹಳದಿ ಅಂದ್ರ ಅನುಮಾನ ಅಲ್ಲೋ ತಮ್ಮಾ,
ಹುಕುಂ ಅದು.
ಹೋಗು. ಮುಂದಿಂದು ಕೆಂಪದ ಅಂತ ತಿಳ್ಕೊಂಡು ಹೋಗು."

ಹಂಗ ಹೋಗ್ಲಾಕ
ಮುಂದ ನಿಲ್ಲೋವಷ್ಟು ಹಳಿ ಬೇಕಲ್ಲ, ಸಾಹೇಬ.
ಇದ್ದದ್ದೆಲ್ಲಾ ಒಮ್ಮಿಗೇ ದೂಡಿದ ಮ್ಯಾಲ
ಬ್ರೇಕಿಗೆ ಜಾಗ ಎಲ್ಲಿ ಉಳೀತು?

ಬಾಗಿಲದಾಗ ಮೌನೇಶ, ಬಗಲಾಗ ಪುಸ್ತಕ, ಕೈಯಾಗ ಬ್ಯಾಟರಿ.
"ಕಾಲ್ ಅದರಿ," ಅಂದ.
ಘಾಟಗೆ ಹೊಟ್ಟಿ ಹಿಡ್ಕೊಂಡು ನಕ್ಕ:
"ಇವನೂ ಅದೇ ಕೇಳ್ಲಾಕತ್ತಾನ ನೋಡು!
ಕಾಲ್ ಮಾಡ್ತೀಯೋ ಬಿಡ್ತೀಯೋ?"

ಬಿಟ್ಟೆ.
ಒಕ್ಕಣ್ಣ ಇಬ್ಬರನ್ನೂ ಬೋರಲು ಮಲಗಿಸಿದೆ.
ಸಾಹೇಬ ತನ್ನೆರಡು ಎಲಿ ತೋರಿಸಲೇ ಇಲ್ಲ,
ಕಟ್ಟಿನ ನಡುವ ತುರುಕಿ ಕಲಸಿ,
ಕನ್ನಡಕ ಹಾಕ್ಕೊಂಡು ಪುಸ್ತಕದಾಗ ಸಹಿ ಮಾಡಿದ.
ಅವನ ಹೆಸರಿನ ಕೆಳಗೇ ನನ್ನ ಹೆಸರು.
ಊದೋ ಮಷೀನು ಇಬ್ಬರಿಗೂ ಸೊನ್ನಿ ತೋರಿಸ್ತು.

ಹಲಕಟ್ಟಾ ದಾಟಿದ ಮ್ಯಾಲ ತಡಿಲಾರದೆ ಕೇಳಿದೆ:
"ಸಾಹೇಬ್ರ, ಏನಿತ್ರಿ ಕೈಯಾಗ?"
ಗಾಜಿನಾಚೆ ತೊಗರಿ ಹೊಲದ ಕತ್ತಲ.
ಹಿಂದ ನಲವತ್ತು ವ್ಯಾಗನ್ ಸಿಮೆಂಟು
ಬೆನ್ನಿಗೆ ಆನಿಕೊಂಡು ಬರ್ಲಾಕತ್ತಿತ್ತು.
ದೂರ, ತಿರುವಿನಾಗ, ಒಂದು ಕಣ್ಣು.
ಸಾಹೇಬ ಕೈ ಎತ್ತಿ ತೋರಿಸಿ,
ಕಾಯ್ದೆ ಹೇಳಿದಂಗ, ದೊಡ್ಡ ದನಿಲೆ ಕೂಗಿದ:
"ಹಳದಿ!"

ಅದನ್ನೇ ತಿರುಗಿ ಹೇಳೂದು ನನ್ನ ಡ್ಯೂಟಿ.
"ಹಳದಿ," ಅಂದೆ.