ಚತುರ್ಥಿ ವಿಭಕ್ತಿ

ಕ್ಯಾಲ್‌ಗೂರ್ಲಿಯಲ್ಲಿ ರಾತ್ರಿ ಎರಡೂ ಕಾಲು.
ಬ್ರೋನ್ವಿನ್ ಟ್ರೆಗೊನಿಂಗ್, ಐವತ್ತೊಂದು ವರ್ಷ, ಎಪ್ಪತ್ತು ಕಿಲೋ,
ಗಣಿಯ ದೈತ್ಯ ಟ್ರಕ್ಕಿನ ಏಣಿಯಲ್ಲಿ
ಕಡೆಯ ಮೆಟ್ಟಿಲು ತಪ್ಪಿದವಳು.
ಬಲಪಾದ ಮುಖ ತಿರುಗಿಸಿ ಕೂತಿದೆ
ಜಗಳವಾಡಿದ ನಾದಿನಿಯ ಹಾಗೆ.
ಎಳೆದು ಕೂರಿಸಬೇಕು, ಬೆರಳು ನೀಲಿಯಾಗುವ ಮೊದಲು.

ಸಿರಿಂಜಿನಲ್ಲಿ ನೀರಿನಂಥದೇ ನೀರು.
ಕಿಲೋಗೊಂದು ಮಿಲಿಗ್ರಾಂ. ನಿಧಾನ ತಳ್ಳಬೇಕು,
ಅವಸರ ಮಾಡಿದರೆ ಉಸಿರು ಮುನಿಯುತ್ತದೆ.
ಅದಕ್ಕೂ ಮುಂಚೆ ಒಂದು ಪ್ರಶ್ನೆ, ಅದೂ ಮದ್ದಿನ ಭಾಗವೇ:
"ಎಲ್ಲಿಗೆ ಹೋಗ್ತೀಯ? ಒಳ್ಳೆ ಜಾಗ ನೆನೆಸಿಕೋ."
"ಎಸ್ಪರನ್ಸ್," ಅಂದಳು. "ಕಡಲದಂಡೆ. ಜತೆಗೆ ನಾಯಿ."
ನಾಯಿಯ ಹೆಸರು ಬಿಸ್ಕೆಟ್.
ಚಾರ್ಟಿನಲ್ಲಿ ಅದಕ್ಕೆ ಜಾಗವಿರಲಿಲ್ಲ.

ಒಳಗೆ ಈಗ ಏನಾಗುತ್ತದೆಂದರೆ,
ನರಕೋಶದ ಮೈತುಂಬ ಸಣ್ಣ ಸಣ್ಣ ಬಾಗಿಲು.
ಗ್ಲುಟಮೇಟ್ ಬಂದು ಚಿಲಕ ತೆಗೆಯಬೇಕು,
ಹೊಸ್ತಿಲ ಮೇಲೆ ಕೂತ ಮೆಗ್ನೀಸಿಯಂ ಎದ್ದು ದಾರಿ ಬಿಡಬೇಕು,
ಆಗ ಕ್ಯಾಲ್ಸಿಯಂ ನುಗ್ಗಿ ಸುದ್ದಿ ಮುಂದಕ್ಕೆ.
ಕೆಟಮಿನ್ ಮುಚ್ಚಿದ ಬಾಗಿಲು ಬಡಿಯುವುದಿಲ್ಲ.
ತೆರೆದದ್ದನ್ನೇ ಹುಡುಕಿ, ಒಳಗೆ ಕಾಲಿಟ್ಟು,
ಅಡ್ಡಡ್ಡ ಕೂತುಬಿಡುತ್ತದೆ.
ಹೆಚ್ಚು ಕೂಗಿಕೊಂಡ ಬಾಗಿಲಿಗೇ ಮೊದಲ ಮೌನ.

ಎಡಗೈ ಬಲಗೈಯಂತೆ ಅದಕ್ಕೆರಡು ರೂಪ,
ಕನ್ನಡಿಯಲ್ಲಿ ಒಂದೇ, ಕಸುವು ಬೇರೆ.
ನಮ್ಮ ಬಾಟಲಿಯಲ್ಲಿ ಎರಡೂ ಕಲೆತಿವೆ. ಅದು ಅಗ್ಗ.

ಬೇರೆ ಮದ್ದುಗಳು ದೀಪ ಆರಿಸುತ್ತವೆ. ಇದು ಹಾಗಲ್ಲ.
ದೀಪ ಉರಿಯುತ್ತಲೇ ಇದೆ, ಉಸಿರು ತನ್ನ ಪಾಡಿಗೆ ತಾನು,
ರಕ್ತದೊತ್ತಡ ಇನ್ನೂ ಒಂದು ಕೈ ಮೇಲೆ,
ತುಟಿಯಂಚಿಗೆ ಜೊಲ್ಲು.
ಕಣ್ಣು ತೆರೆದೇ ಇವೆ, ಗುಡ್ಡೆಗಳು ಮಾತ್ರ ಅತ್ತಿತ್ತ,
ರೈಲಿನ ಕಿಟಕಿಯಲ್ಲಿ ಕಂಬ ಎಣಿಸುವ ಮಗುವಿನಂತೆ.

ಹಟ್ಟಿ ಚಿನ್ನದ ಗಣಿಯ ಕ್ಯಾಂಪಿನ ಶಾಲೆಯಲ್ಲಿ
ಶರಭಯ್ಯ ಮಾಸ್ತರು ಮೇಜಿಗೆ ಸ್ಕೇಲು ಬಡಿದು ಹೇಳಿಸುತ್ತಿದ್ದರು:
ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ.
ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಒಮ್ಮೆ
ನೆಲದಡಿ ಸಿಡಿಮದ್ದು ಸಿಡಿದು ಕಿಟಕಿಗಳು ಗಡಗಡ,
'ಗೆ' ಕೇಳಿಸಲೇ ಇಲ್ಲ.
ಮೂವತ್ತು ಮಕ್ಕಳು ನೇರ 'ದೆಸೆಯಿಂದ'ಕ್ಕೆ ಜಿಗಿದಿದ್ದೆವು.

ಕನ್ನಡದಲ್ಲಿ ನಾನು ನನ್ನ ನೋವಿನ ಕರ್ತೃವಲ್ಲ.
ನೋವು ಆಗುತ್ತದೆ. ನನಗೆ.
ಹಸಿವು, ನಾಚಿಕೆ, ಚಳಿ, ಎಲ್ಲವೂ ಆಗುತ್ತವೆ,
ಎಲ್ಲ ಲಕೋಟೆಯ ಮೇಲೂ ಅದೇ ವಿಳಾಸ.
ಈ ಮದ್ದು ನೋವನ್ನು ತಗ್ಗಿಸುತ್ತದೆ, ಹೌದು,
ಪುಸ್ತಕದಲ್ಲಿ ಹಾಗೇ ಇದೆ.
ಆದರೆ ಇಪ್ಪತ್ತು ವರ್ಷ ನೋಡಿದ ಮೇಲೆ ನನ್ನ ಗುಮಾನಿ ಬೇರೆ:
ಇದರ ಅಸಲಿ ಕಸುಬು ಆ 'ಗೆ' ಕಳಚುವುದು.
ನೋವು ಆಗುತ್ತದೆ.
ಅಷ್ಟೆ. ಅಂಚೆಯವನು ಮನೆ ಸಿಗದೆ
ಊರ ತುಂಬ ಸೈಕಲ್ ತುಳಿಯುತ್ತಾನೆ.

ಮೂಳೆಯ ಡಾಕ್ಟರ್, ಹುಡುಗ, ಹೀತ್‌ಕೋಟ್,
ಹಿಮ್ಮಡಿ ಹಿಡಿದು ತನ್ನ ಭಾರವೆಲ್ಲ ಹಿಂದಕ್ಕೆಸೆದ.
ಲಟಕ್.
ಬ್ರೋನ್ವಿನ್ ಸೂರು ನೋಡುತ್ತ, ಬಹಳ ಸೌಜನ್ಯದಿಂದ ಅಂದಳು:
"ಯಾರದೋ ಕಾಲು. ಪಾಪ."

ಹದಿನೈದು ನಿಮಿಷ.
ಮದ್ದು ಮುಗಿದಿಲ್ಲ, ಮಿದುಳು ಬಿಟ್ಟು
ಸ್ನಾಯುವಿಗೆ, ಕೊಬ್ಬಿಗೆ ಗುಳೆ ಹೊರಟಿದೆ ಅಷ್ಟೆ.
ಲಿವರು ಆಮೇಲೆ ಪುರುಸೊತ್ತಾಗಿ ಅದನ್ನು ಮುರಿಯುತ್ತದೆ,
ಮುರಿದ ಚೂರಿಗೂ ಒಂದಿಷ್ಟು ಹೊತ್ತು ಜೀವವಿರುತ್ತದೆ.
ದೀಪ ತಗ್ಗಿಸಿದೆ. ಹೀತ್‌ಕೋಟನಿಗೆ ಸುಮ್ಮನಿರೆಂದು ಸನ್ನೆ.
ವಾಪಸು ಬರುವ ದಾರಿಯಲ್ಲೇ ಕೆಲವರು ಕಿರುಚುತ್ತಾರೆ.

ಇವಳು ಕಿರುಚಲಿಲ್ಲ. ಕೆನ್ನೆ ಮಾತ್ರ ಒದ್ದೆ.
"ಕಡಲಿತ್ತು. ಬಿಸ್ಕೆಟ್ ಇತ್ತು. ನಾನೇ ಇರಲಿಲ್ಲ.
ಅದಕ್ಕೆ ಬೇಜಾರೂ ಇರಲಿಲ್ಲ."
ಏನು ಹೇಳಬೇಕೋ ತಿಳಿಯದೆ
ಪಲ್ಸ್ ನೋಡುವ ನೆವದಲ್ಲಿ ಕೈ ಹಿಡಿದುಕೊಂಡೆ.
ಆಮೇಲೆ ಅವಳ ಹುಬ್ಬು ಮೆಲ್ಲಗೆ ಗಂಟಾಯಿತು:
"ನನಗೆ ನೋಯ್ತಿದೆ."

ಆಂಪೂಲಿನಲ್ಲಿ ಇನ್ನೂರು, ಕೊಟ್ಟದ್ದು ಎಪ್ಪತ್ತು.
ಉಳಿದದ್ದಕ್ಕೆ ರಿಜಿಸ್ಟರಿನಲ್ಲಿ ಇಬ್ಬರ ಸಹಿ ಬೇಕು.
ನೂರ ಮೂವತ್ತು ಮಿಲಿಗ್ರಾಂ, ಯಾರಿಗೆ?
ಯಾರಿಗೂ ಇಲ್ಲ.
ಹಳದಿ ಡಬ್ಬಿಗೆ.